ಹೋಸ್ಟ್ಸ್ ಫೈಲ್: ಕಂಪ್ಯೂಟರಿನ ಒಳಗಿರುವ ವಿಳಾಸದ ಚೀಟಿ

 

ಪೂರ್ವಸಿದ್ಧತಾ ಪರೀಕ್ಷೆಗೆ ಇನ್ನು ಐದು ವಾರ ಇತ್ತು. ನಾನು ಪ್ರತಿದಿನ ಸಂಜೆ ಕಂಪ್ಯೂಟರ್ ಮುಂದೆ ಕೂತು ಅಕೌಂಟೆನ್ಸಿ ಪಾಠದ ವಿಡಿಯೋ ಹುಡುಕುತ್ತಿದ್ದೆ. ಮೊದಲ ಹತ್ತು ನಿಮಿಷ ಪಾಲುದಾರಿಕೆ ಸಂಸ್ಥೆಯ ಲೆಕ್ಕ. ಆಮೇಲೆ ಬಿರಿಯಾನಿ ಮಾಡುವ ವಿಡಿಯೋ, ಕ್ರಿಕೆಟ್, ಯಾರದೋ ಮದುವೆ. ಇಶಾ ನಮಾಜಿನ ಅಜಾನ್ ಕೇಳಿದಾಗಲೇ ಎರಡು ಗಂಟೆ ಹೋದದ್ದು ಗೊತ್ತಾಗುತ್ತಿತ್ತು. ಇದು ನಿಮ್ಮಲ್ಲಿ ಬಹಳ ಜನರ ಕಥೆಯೂ ಹೌದು ಎಂದು ನನಗೆ ಗೊತ್ತು.

ಆಗ ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ನೆಟ್‌ವರ್ಕಿಂಗ್ ಪಾಠ ಮಾಡುತ್ತಾ ಒಂದು ಮಾತು ಹೇಳಿದರು: "ಯಾವ ಆ್ಯಪ್ ಕೂಡ ಬೇಡ, ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದರೆ ಸಾಕು, ಆ ಸೈಟ್ ನಿಮ್ಮ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ." ಆ ಒಂದು ಸಾಲು ಬರೆಯಲು ಹೋಗಿ ನನಗೆ ಬೇರೆಯೇ ಏನೋ ಸಿಕ್ಕಿತು. ಎರಡನ್ನೂ ಇಲ್ಲಿ ಬರೆಯುತ್ತೇನೆ.

ಹೆಸರು ಮತ್ತು ನಂಬರ್

ನಮ್ಮ ಚಂದ್ರಾ ಲೇಔಟ್‌ಗೆ ಹೊಸಬರು ಬಂದು ಬರೀ ಹೆಸರು ಹೇಳಿ ಮನೆ ಕೇಳಿದರೆ ಯಾರೂ ತೋರಿಸಲಾರರು. ಎಷ್ಟನೇ ಮೇನ್, ಎಷ್ಟನೇ ಕ್ರಾಸ್, ಮನೆ ನಂಬರ್ ಎಷ್ಟು ಎಂದು ಕೇಳುತ್ತಾರೆ. ಇಂಟರ್ನೆಟ್ ಕೂಡ ಹಾಗೆಯೇ. ನಾವು ಬ್ರೌಸರಿನಲ್ಲಿ ಸೈಟಿನ ಹೆಸರು ಟೈಪ್ ಮಾಡುತ್ತೇವೆ. ಆದರೆ ಕಂಪ್ಯೂಟರಿಗೆ ಬೇಕಾದದ್ದು ನಂಬರ್. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಚುಕ್ಕಿಗಳ ನಡುವೆ ನಾಲ್ಕು ಅಂಕಿ ಇರುವುದು ಅದರ ಹಳೆಯ ಮತ್ತು ಹೆಚ್ಚು ಕಾಣುವ ರೂಪ. ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು.

ಆದರೆ ಹೊರಗಿನ ಡಿಎನ್‌ಎಸ್ ಅನ್ನು ಕೇಳುವುದಕ್ಕೆ ಮೊದಲು ಕಂಪ್ಯೂಟರ್ ತನ್ನ ಮನೆಯೊಳಗಿನ ಒಂದು ಚೀಟಿ ನೋಡುತ್ತದೆ. ಆ ಚೀಟಿಯೇ ಹೋಸ್ಟ್ಸ್ ಫೈಲ್.

ನಮ್ಮ ಮನೆಯ ಉದಾಹರಣೆ ಕೊಡುತ್ತೇನೆ. ಫ್ರಿಜ್ ಮೇಲೆ ಅಮ್ಮಿಯ ಒಂದು ಚಿಕ್ಕ ನೋಟ್ ಬುಕ್ ಇದೆ. ಗ್ಯಾಸ್, ಹಾಲಿನವರು, ನಾನಿಯ ಪಕ್ಕದ ಮನೆಯವರು, ಎಲ್ಲರ ಫೋನ್ ನಂಬರ್ ಉರ್ದುವಿನಲ್ಲಿ ಬರೆದಿದ್ದಾರೆ. ಯಾರ ನಂಬರ್ ಬೇಕಾದರೂ ಅಮ್ಮಿ ಮೊದಲು ಅದನ್ನೇ ನೋಡುತ್ತಾರೆ. ಅದರಲ್ಲಿ ಇಲ್ಲದಿದ್ದರೆ ಮಾತ್ರ ನಮ್ಮನ್ನು ಕೇಳುತ್ತಾರೆ. ಅದರಲ್ಲಿ ಇದ್ದರೆ ಅದೇ ಕೊನೆಯ ಮಾತು. ಒಮ್ಮೆ ಗ್ಯಾಸಿನವರ ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದುಕೊಂಡು, ಮೂರು ದಿನ ಯಾರೋ ಪರಿಚಯವಿಲ್ಲದವರಿಗೆ ಸಿಲಿಂಡರ್ ಯಾಕೆ ಕಳಿಸಿಲ್ಲ ಎಂದು ಕೇಳಿದ್ದರು. ಹೋಸ್ಟ್ಸ್ ಫೈಲ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಬರೆದದ್ದು ಸರಿಯೋ ತಪ್ಪೋ, ಕಂಪ್ಯೂಟರ್ ನಂಬುತ್ತದೆ.

ಇದು ಎಲ್ಲಿಂದ ಬಂತು?

ಇಂದಿನ ಇಂಟರ್ನೆಟ್‌ಗೆ ಮೊದಲು ಅಮೆರಿಕದಲ್ಲಿ 1969ರಲ್ಲಿ ಆರ್ಪಾನೆಟ್ ಎಂಬ ಜಾಲ ಶುರುವಾಯಿತು. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವೇ. ಯಾವ ಕಂಪ್ಯೂಟರಿಗೆ ಯಾವ ನಂಬರ್ ಎಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಫೈಲಿನಲ್ಲಿ ಇಟ್ಟಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ. ಹೊಸ ಕಂಪ್ಯೂಟರ್ ಸೇರಿಸಬೇಕೆಂದರೆ ಅವರ ಕಚೇರಿಗೆ ತಿಳಿಸಬೇಕಿತ್ತು. ಅವರು ಪಟ್ಟಿಗೆ ಸೇರಿಸಿದ ಮೇಲೆ ಉಳಿದವರೆಲ್ಲ ಹೊಸ ಪಟ್ಟಿಯ ಪ್ರತಿ ತೆಗೆದುಕೊಳ್ಳುತ್ತಿದ್ದರು.

ಜಾಲ ಬೆಳೆದಂತೆ ಒಂದೇ ಪಟ್ಟಿಯಲ್ಲಿ ಎಲ್ಲವನ್ನೂ ಬರೆಯುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಆದರೂ ಹಳೆಯ ಪಟ್ಟಿಯ ಅಭ್ಯಾಸ ಹೋಗಲಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಹೋಸ್ಟ್ಸ್ ಫೈಲ್ ಇಂದಿಗೂ ಇದೆ.

ಫೈಲ್ ಎಲ್ಲಿದೆ, ಹೇಗೆ ಬರೆಯಬೇಕು?

ನಮ್ಮ ಮನೆಯಲ್ಲಿರುವುದು ವಿಂಡೋಸ್ 10. ಅದರ ಕ್ರಮ ಬರೆಯುತ್ತೇನೆ. ಕನ್ನಡ ಪತ್ರಿಕೆಯಾದ್ದರಿಂದ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲನೆಯದಾಗಿ, ಸಿ ಡ್ರೈವ್ ತೆರೆದು ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಫೋಲ್ಡರಿಗೆ ಹೋಗಿ. ಅಲ್ಲಿ ಹೋಸ್ಟ್ಸ್ ಎಂಬ ಫೈಲ್ ಇರುತ್ತದೆ. ಅದನ್ನು ಕಾಪಿ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಏನಾದರೂ ಹೆಚ್ಚುಕಮ್ಮಿಯಾದರೆ ಇದೇ ನಿಮ್ಮನ್ನು ಕಾಪಾಡುತ್ತದೆ.

ಎರಡನೆಯದಾಗಿ, ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಎಂದು ಹುಡುಕಿ. ಅದರ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಆರಿಸಿ. ಸುಮ್ಮನೆ ನೋಟ್‌ಪ್ಯಾಡ್ ತೆರೆದರೆ ಫೈಲ್ ಓದಬಹುದು, ಆದರೆ ಸೇವ್ ಮಾಡಲು ಬಿಡುವುದಿಲ್ಲ.

ಮೂರನೆಯದಾಗಿ, ನೋಟ್‌ಪ್ಯಾಡ್‌ನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ ಅದೇ ಫೋಲ್ಡರಿಗೆ ಹೋಗಿ. ಫೋಲ್ಡರ್ ಖಾಲಿ ಕಂಡರೆ ಗಾಬರಿಯಾಗಬೇಡಿ. ಕೆಳಗೆ "ಟೆಕ್ಸ್ಟ್ ಡಾಕ್ಯುಮೆಂಟ್ಸ್" ಎಂದಿರುವುದನ್ನು "ಆಲ್ ಫೈಲ್ಸ್" ಎಂದು ಬದಲಿಸಿದರೆ ಕಾಣುತ್ತದೆ. ಈ ಫೈಲಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂಬ ಬಾಲ ಇಲ್ಲ, ಅದಕ್ಕೇ ಹೀಗೆ.

ನಾಲ್ಕನೆಯದಾಗಿ, ಫೈಲಿನ ಕೊನೆಗೆ ಹೋಗಿ ಹೊಸ ಸಾಲಿನಲ್ಲಿ 0.0.0.0 ಎಂದು ಬರೆದು, ಒಂದು ಜಾಗ ಬಿಟ್ಟು, ತಡೆಯಬೇಕಾದ ಸೈಟಿನ ಹೆಸರು ಬರೆಯಿರಿ. 0.0.0.0 ಎಂದರೆ ಎಲ್ಲಿಗೂ ಹೋಗದ ವಿಳಾಸ. ಕೆಲವರು 127.0.0.1 ಎಂದು ಬರೆಯುತ್ತಾರೆ. ಅದರ ಅರ್ಥ "ಇದೇ ಕಂಪ್ಯೂಟರ್". ಎರಡರಲ್ಲಿ ಯಾವುದು ಬರೆದರೂ ಸೈಟ್ ಸಿಗುವುದಿಲ್ಲ.

ಐದನೆಯದಾಗಿ, ಸೇವ್ ಮಾಡಿ. ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ಸೈಟ್ ಬಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್, ಒಂದು ಜಾಗ, ಓರೆಗೆರೆ, ಫ್ಲಶ್‌ಡಿಎನ್‌ಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆಯ ನಂಬರುಗಳು ಅಳಿಸಿಹೋಗುತ್ತವೆ.

ಕೆಲವು ಎಚ್ಚರಿಕೆಗಳು. ಒಂದು ಸೈಟಿನ ಮೂಲ ಹೆಸರು ಬರೆದರೆ ಅದರ ಮುಂದೆ ಡಬ್ಲ್ಯೂ ಮೂರು ಸಲ ಇರುವ ಹೆಸರು ತಾನಾಗಿ ತಡೆಯಲ್ಪಡುವುದಿಲ್ಲ. ಅದಕ್ಕೆ ಬೇರೆ ಸಾಲು ಬೇಕು. ಮೊಬೈಲ್ ಪುಟಕ್ಕೆ ಇನ್ನೊಂದು ಸಾಲು. ಸಾಲಿನ ಮೊದಲು # ಚಿಹ್ನೆ ಇದ್ದರೆ ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ, ಅದು ನಮ್ಮ ಓದಿಗೆ ಮಾತ್ರ. ಆದ್ದರಿಂದ ತಡೆ ತೆಗೆಯಬೇಕಾದರೆ ಸಾಲು ಅಳಿಸಬೇಕಿಲ್ಲ, ಮುಂದೆ # ಹಾಕಿದರೆ ಸಾಕು. ಸೈಟಿನ ಒಂದು ಪುಟ ಮಾತ್ರ ತಡೆಯಲು ಆಗುವುದಿಲ್ಲ, ತಡೆದರೆ ಇಡೀ ಹೆಸರೇ ಹೋಗುತ್ತದೆ. ಡಾಟ್ ಭಾರತ ಎಂದು ಕೊನೆಯಾಗುವ ಹೆಸರುಗಳು ಕನ್ನಡದಲ್ಲೂ ಇವೆ, ಉರ್ದುವಿನಲ್ಲೂ ಇವೆ. ಆದರೆ ಬ್ರೌಸರ್ ಅವನ್ನು ಎಕ್ಸ್‌ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿಯೇ ಹುಡುಕುವುದರಿಂದ, ಹೋಸ್ಟ್ಸ್ ಫೈಲಿನಲ್ಲೂ ಆ ರೂಪದಲ್ಲೇ ಬರೆಯಬೇಕು. ನನ್ನ ಎರಡು ಭಾಷೆಗಳೂ ಅಲ್ಲಿ ಒಂದೇ ವೇಷದಲ್ಲಿ ಇರುವುದು ನೋಡಿ ನಗು ಬಂತು.

ಫೈಲಿನ ಕೊನೆಯಲ್ಲಿ ಸಿಕ್ಕಿದ್ದು

ನಾನು ಫೈಲ್ ತೆರೆದಾಗ ಮೇಲ್ಗಡೆ # ಚಿಹ್ನೆಯ ಸಾಲುಗಳಿದ್ದವು. ಮೊದಲ ಸಾಲಿನಲ್ಲೇ ಮೈಕ್ರೋಸಾಫ್ಟ್ ಹೆಸರಿನ ಜೊತೆ ಕಾಪಿರೈಟ್, 1993-2009 ಎಂದು ಇತ್ತು. ಇದು ಎಲ್ಲ ವಿಂಡೋಸ್ 10ರಲ್ಲೂ ಇರುತ್ತದೆ. ಆಮೇಲೆ ಖಾಲಿ. ನನ್ನ ಸಾಲು ಬರೆಯಲು ಕೊನೆಗೆ ಹೋಗೋಣ ಎಂದು ಕೆಳಗೆ ಸರಿಸಿದೆ. ಖಾಲಿ ಜಾಗ ಮುಗಿಯಲೇ ಇಲ್ಲ. ಬಹಳ ಕೆಳಗೆ ಹೋದ ಮೇಲೆ ಆರು ಸಾಲುಗಳು ಕಂಡವು. ಆರರಲ್ಲೂ ಮೊದಲು 127.0.0.1. ಅದರ ಮುಂದೆ ಒಂದು ಕಂಪನಿಯ ಸೈಟಿನ ಹೆಸರುಗಳು. ಅದು ಅಬ್ಬಾ ಅಂಗಡಿಯ ಲೆಕ್ಕ ಬರೆಯುವ ಸಾಫ್ಟ್‌ವೇರಿನ ಕಂಪನಿ.

ನಮ್ಮ ಅಬ್ಬಾಗೆ ಗಂಗೊಂಡನಹಳ್ಳಿ ಕಡೆ ಒಂದು ಚಿಕ್ಕ ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಲ್ಲಿ, ಬಣ್ಣ, ಮೊಳೆ. ನಾನು ಕಾಮರ್ಸ್ ತೆಗೆದುಕೊಂಡ ಮೇಲೆ ರಾತ್ರಿ ಬಿಲ್ಲುಗಳನ್ನು ಮನೆಯ ಕಂಪ್ಯೂಟರಿನಲ್ಲಿ ಏರಿಸುವುದು ನನ್ನ ಕೆಲಸ. ಆ ಸಾಫ್ಟ್‌ವೇರಿನಲ್ಲಿ ಅಪ್‌ಡೇಟ್ ಒತ್ತಿದಾಗಲೆಲ್ಲ "ಸರ್ವರ್ ಸಿಗುತ್ತಿಲ್ಲ" ಎಂದು ಬರುತ್ತಿತ್ತು. ಅಬ್ಬಾ ಎರಡು ಸಲ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ರೇಗಿದ್ದರು. ಪಾಪ, ಅವರದೇನೂ ತಪ್ಪಿರಲಿಲ್ಲ.

ಮರುದಿನ ಆ ಸಾಲುಗಳನ್ನು ಬರೆದುಕೊಂಡು ಹೋಗಿ ಮೇಡಂಗೆ ತೋರಿಸಿದೆ. ಅವರು ನೋಡಿದ ಕೂಡಲೇ ಹೇಳಿದರು. ಸಾಫ್ಟ್‌ವೇರ್ ಆಗಾಗ ತನ್ನ ಕಂಪನಿಯ ಸರ್ವರಿಗೆ ಹೋಗಿ "ಈ ಲೈಸೆನ್ಸ್ ನಿಜವಾದದ್ದೇ?" ಎಂದು ಕೇಳುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಆ ಸರ್ವರಿನ ಹೆಸರಿಗೆ 127.0.0.1 ಎಂದು ಬರೆದಿಟ್ಟರೆ, ಪ್ರಶ್ನೆ ನಮ್ಮ ಕಂಪ್ಯೂಟರಿಗೇ ತಿರುಗಿ ಬರುತ್ತದೆ. ಉತ್ತರ ಕೊಡುವವರು ಯಾರೂ ಇಲ್ಲ. ತಿದ್ದಿದ ಸಾಫ್ಟ್‌ವೇರ್ ನೆಟ್ ಇಲ್ಲ ಅಂದುಕೊಂಡು ಸುಮ್ಮನೆ ನಡೆಯುತ್ತದೆ. ಅಂದರೆ ನಮ್ಮದು ಕಳ್ಳ ಪ್ರತಿ.

ಎರಡು ವರ್ಷದ ಹಿಂದೆ ಕಂಪ್ಯೂಟರ್ ರಿಪೇರಿಗೆ ಬಂದವರೊಬ್ಬರು ಅದನ್ನು ಹಾಕಿಕೊಟ್ಟು, ಒರಿಜಿನಲ್ ಎಂದು ಹೇಳಿ ಹಣ ತೆಗೆದುಕೊಂಡಿದ್ದರು. ಅಬ್ಬಾ ಕೊಟ್ಟಿದ್ದರು. ಬಿಲ್ ಕೇಳಿರಲಿಲ್ಲ.

ಹೇಳುವುದೋ ಬೇಡವೋ

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ನನ್ನ ಪರೀಕ್ಷೆ ಹತ್ತಿರ ಇತ್ತು. ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಆಡಿಟರ್ ಅದಕ್ಕೂ ಮೊದಲೇ ಪಟ್ಟಿ ಕೇಳುತ್ತಾರೆ. ಆ ಆರು ಸಾಲು ತೆಗೆದರೆ ಸಾಫ್ಟ್‌ವೇರ್ ನಿಂತುಹೋಗಬಹುದು. ತೆಗೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ನನಗೆ ಗೊತ್ತಾಗಿಬಿಟ್ಟಿತ್ತು. ಇದನ್ನು ಕಾನೂನು ಕೂಡ ಗಮನಿಸುತ್ತದೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳ ಪ್ರತಿ ಎಂದು ಗೊತ್ತಿದ್ದೂ ಒಂದು ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೂ ವ್ಯಾಪಾರಕ್ಕೂ ಬಳಸದವರಿಗೆ ಸ್ವಲ್ಪ ರಿಯಾಯಿತಿ ಇದೆ. ಅಂಗಡಿ ಲೆಕ್ಕಕ್ಕೆ ಬಳಸುವವರಿಗೆ ಇಲ್ಲ. ಇದರಲ್ಲಿ "ಗೊತ್ತಿದ್ದೂ" ಎಂಬ ಮಾತೇ ನನ್ನನ್ನು ಕಾಡಿತು. ಅಬ್ಬಾಗೆ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಅವರಿಗೂ ಗೊತ್ತಾಗುತ್ತದೆ. ಹೇಳದೆ ಇದ್ದರೆ ಅವರನ್ನು ಕಾಪಾಡಿದಂತೆಯೋ, ಮೋಸ ಮಾಡಿದಂತೆಯೋ?

ಆಪಾ ಹತ್ತಿರ ಹೇಳಿಕೊಂಡೆ. ಆಪಾ ಒಂದೇ ಮಾತು ಹೇಳಿದರು: "ಬೇರೆಯವರಿಂದ ಗೊತ್ತಾದರೆ ಅಬ್ಬಾಗೆ ಹೆಚ್ಚು ನೋವಾಗುತ್ತೆ."

ಇಶಾ ನಮಾಜ್ ಮುಗಿಸಿ ಬಂದ ಮೇಲೆ ಅಬ್ಬಾ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆ ಸಾಲುಗಳನ್ನು ತೋರಿಸಿದೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೆ ಕಂಪನಿಯ ಹೆಸರು ಗುರುತು ಹಿಡಿದರು. ಅಮ್ಮಿಯ ನೋಟ್ ಬುಕ್ಕಿನ ಉದಾಹರಣೆ ಕೊಟ್ಟೆ: "ಅಬ್ಬಾ, ಕಂಪನಿಯವರ ನಂಬರಿನ ಜಾಗದಲ್ಲಿ ನಮ್ಮದೇ ಮನೆ ನಂಬರ್ ಬರೆದಿಟ್ಟಿದ್ದಾರೆ." ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಾನು ದಿನಾ ಗಿರಾಕಿಗಳಿಗೆ ಬಿಲ್ ತಗೊಳ್ಳಿ ತಗೊಳ್ಳಿ ಅಂತ ಹೇಳ್ತೀನಿ. ಆ ಬಿಲ್ ಬರೆಯೋದೇ ಕದ್ದ ಮಾಲಿನಲ್ಲಾ ಬೇಟಾ?" ಎಂದರು. ನನಗೆ ಉತ್ತರ ಗೊತ್ತಾಗಲಿಲ್ಲ.

ಅವರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. ಕೊನೆಗೆ ಹೇಳಿದರು: "ಈ ತಿಂಗಳು ಕೈಯಲ್ಲೇ ಬರೆಯೋಣ. ನನ್ನ ಅಬ್ಬಾ ಕೈಯಲ್ಲೇ ಬರೆದವರು."

ನಾವು ಮಾಡಿದ್ದು

ಮೊದಲು ಸಾಫ್ಟ್‌ವೇರಿನಲ್ಲಿದ್ದ ಎರಡು ವರ್ಷದ ಖಾತೆ, ಸ್ಟಾಕ್, ಬಾಕಿ ಪಟ್ಟಿ ಎಲ್ಲವನ್ನೂ ಎಕ್ಸೆಲ್‌ಗೆ ತೆಗೆದು ಪೆನ್ ಡ್ರೈವಿಗೆ ಹಾಕಿದೆ. ಬಾಕಿ ಪಟ್ಟಿ ಪ್ರಿಂಟ್ ತೆಗೆಸಿದೆವು. ಆಮೇಲೆ ಆ ಆರು ಸಾಲು ಅಳಿಸಿ ಸೇವ್ ಮಾಡಿದೆ. ಸಾಫ್ಟ್‌ವೇರ್ ತೆರೆದಾಗ ಎರಡು ವರ್ಷದಲ್ಲಿ ಮೊದಲ ಸಲ ಸರ್ವರ್ ಸಿಕ್ಕಿತು. ಲೈಸೆನ್ಸ್ ಸರಿಯಿಲ್ಲ ಎಂದು ಹೇಳಿ ನಿಂತುಹೋಯಿತು. ಅದನ್ನು ಕಂಪ್ಯೂಟರಿನಿಂದ ತೆಗೆದುಹಾಕಿದೆ.

ನಮ್ಮಂಥ ಸಣ್ಣ ಅಂಗಡಿಯವರಿಗೆ ಉಪಯೋಗವಾಗುವ ಒಂದು ವಿಷಯ ಆಗ ತಿಳಿಯಿತು. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟು ಇರುವವರಿಗೆ ಲೆಕ್ಕ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಜಿಎಸ್‌ಟಿ ನೆಟ್‌ವರ್ಕ್ 2019ರಲ್ಲಿ ಪ್ರಕಟಿಸಿತ್ತು. ಅಬ್ಬಾ ಆಡಿಟರ್ ಹತ್ತಿರ ಅದನ್ನೇ ವಿಚಾರಿಸುತ್ತಿದ್ದಾರೆ. ಅದು ಸರಿಹೋಗದಿದ್ದರೆ ಬಿಲ್ ಸಮೇತ ಒಂದನ್ನು ಕೊಳ್ಳುವುದು ಎಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ರಾತ್ರಿ ನಾನು ಓದುವ ಮೇಜಿನ ಇನ್ನೊಂದು ಕಡೆ ಅಬ್ಬಾ ಕೂತು ದಿನವಹಿ ಬರೆಯುತ್ತಾರೆ. ನಮ್ಮ ಪುಸ್ತಕದಲ್ಲಿರುವ ಜರ್ನಲ್ ಎಂಟ್ರಿ ಮೊದಲ ಸಲ ನನಗೆ ಸರಿಯಾಗಿ ಅರ್ಥವಾದದ್ದು ಅದನ್ನು ನೋಡುತ್ತಾ.

ಇಷ್ಟರ ನಡುವೆ ನನ್ನ ಮೂಲ ಕೆಲಸ ಏನಾಯಿತು ಎಂದು ಕೇಳುತ್ತೀರಿ. ವಿಡಿಯೋ ಮತ್ತು ಆಟದ ಸೈಟುಗಳನ್ನು ತಡೆದೆ. ಪಾಠದ ವಿಡಿಯೋಗಳನ್ನು ಆಪಾ ಮೊದಲೇ ಪಟ್ಟಿ ಮಾಡಿ ಭಾನುವಾರ ಮಾತ್ರ ತಮ್ಮ ಫೋನಿನಲ್ಲಿ ತೋರಿಸುತ್ತಾರೆ. ಆದರೂ ಸತ್ಯ ಹೇಳಬೇಕು. ಮೂರನೇ ದಿನ ನಾನೇ ಫೈಲ್ ತೆರೆದು # ಹಾಕಿ ನೋಡಿಬಿಟ್ಟೆ. ಬೀಗ ಹಾಕಿದವರ ಕೈಯಲ್ಲೇ ಕೀಲಿ ಇದ್ದರೆ ಇಷ್ಟೇ. ಆಮೇಲೆ ಆಪಾ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬದಲಿಸಿ, ನನಗೆ ಸಾಧಾರಣ ಅಕೌಂಟ್ ಮಾಡಿಕೊಟ್ಟರು. ಪಾಸ್‌ವರ್ಡ್ ಬರೆದ ಚೀಟಿ ಅಮ್ಮಿಯ ಹತ್ತಿರ ಇದೆ. ಹೋಸ್ಟ್ಸ್ ಫೈಲ್ ಆ ಒಂದು ಕಂಪ್ಯೂಟರಿಗೆ ಮಾತ್ರ ಅನ್ವಯಿಸುವುದರಿಂದ ಮೊಬೈಲಿಗೆ ಇದು ಏನೂ ಮಾಡುವುದಿಲ್ಲ. ಮಗ್ರಿಬ್‌ನಿಂದ ಇಶಾವರೆಗೆ ನನ್ನ ಫೋನ್ ಕೂಡ ಅಮ್ಮಿಯ ಹತ್ತಿರವೇ.

ನೀವೂ ಒಮ್ಮೆ ತೆರೆದು ನೋಡಿ

ನೀವು ಯಾವ ಸೈಟನ್ನೂ ತಡೆಯಬೇಕಿಲ್ಲದಿದ್ದರೂ ಒಮ್ಮೆ ನಿಮ್ಮ ಮನೆಯ ಕಂಪ್ಯೂಟರಿನ ಹೋಸ್ಟ್ಸ್ ಫೈಲ್ ತೆರೆದು ಕೊನೆಯವರೆಗೂ ಸರಿಸಿ ನೋಡಿ. # ಇಲ್ಲದ, ನೀವು ಬರೆಯದ ಸಾಲು ಇದ್ದರೆ ಯಾರು ಬರೆದರು ಎಂದು ವಿಚಾರಿಸಿ. ಕೆಟ್ಟ ಪ್ರೋಗ್ರಾಂಗಳು ಬ್ಯಾಂಕಿನ ಹೆಸರಿಗೆ ತಮ್ಮ ನಂಬರ್ ಬರೆದು ನಕಲಿ ಪುಟಕ್ಕೆ ಕರೆದುಕೊಂಡು ಹೋಗುವುದೂ ಉಂಟು. ಬ್ಯಾಂಕ್ ಸೈಟ್ ತೆರೆದಾಗ ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಎಚ್ಚರಿಸಿದರೆ ಮುಂದೆ ಹೋಗಬೇಡಿ. ಈ ಫೈಲಿನಲ್ಲಿ ಕೆಲವು ಸಾಲು ಸೇರಿಸಿದಾಗ ವಿಂಡೋಸ್ ಡಿಫೆಂಡರ್ ಎಚ್ಚರಿಕೆ ಕೊಡುವುದೂ ಇದೇ ಕಾರಣಕ್ಕೆ.

ಹಾಗೆಂದು ಕಂಡ 127.0.0.1 ಎಲ್ಲವೂ ಮೋಸವಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಡಿಜಿಟಲ್ ಸಹಿ ಹಾಕಲು ಬಳಸುವ ಎಮ್‌ಸೈನರ್ ಪ್ರೋಗ್ರಾಂ ಕೂಡ ಇದೇ ವಿಳಾಸದಲ್ಲಿ, ನಮ್ಮ ಕಂಪ್ಯೂಟರಿನೊಳಗೇ ಕೂತು ಕೆಲಸ ಮಾಡುತ್ತದೆ. ಅರ್ಥವಾಗದೆ ಏನನ್ನೂ ಅಳಿಸಬೇಡಿ, ಗೊತ್ತಿರುವವರನ್ನು ಕೇಳಿ. ಮತ್ತು ದಯವಿಟ್ಟು ಕಾಲೇಜ್ ಲ್ಯಾಬಿನಲ್ಲಾಗಲಿ ಸೈಬರ್ ಸೆಂಟರಿನಲ್ಲಾಗಲಿ ಇದನ್ನು ಪ್ರಯೋಗ ಮಾಡಬೇಡಿ. ಬೇರೆಯವರ ಕಂಪ್ಯೂಟರನ್ನು ಅನುಮತಿ ಇಲ್ಲದೆ ಬದಲಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ತಪ್ಪು.

ಈ ಲೇಖನ ಬರೆಯುವ ಮೊದಲು ಅಬ್ಬಾ ಅವರ ಅನುಮತಿ ಕೇಳಿದೆ. ನಮ್ಮ ಅಂಗಡಿ ವಿಷಯ ಎಲ್ಲರೂ ಓದುತ್ತಾರೆ ಎಂದು ಹೇಳಿದೆ. ಸ್ವಲ್ಪ ಯೋಚಿಸಿ, "ಬರಿ. ನನ್ನ ಹಾಗೆ ಬಿಲ್ ಕೇಳದೆ ದುಡ್ಡು ಕೊಟ್ಟವರು ಇನ್ನೂ ಎಷ್ಟು ಜನ ಇದ್ದಾರೋ" ಎಂದರು. ಅದಕ್ಕೇ ಬರೆದಿದ್ದೇನೆ.

ಎಲ್ಲರಿಗೂ ಪರೀಕ್ಷೆಗೆ ಶುಭವಾಗಲಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ